ತಾರೀಖು ಗೊತ್ತಾಗುವುದು ಮೊದಲ ಮೂರು ತಿಂಗಳಲ್ಲೇ

ಪರೀಕ್ಷೆಯ ಪಟ್ಟಿಯ ಮೇಲೆ ಎರಡು ಗೆರೆ ಮೂಡಿದ ದಿನವೇ, ಯಾರಿಗೂ ಫೋನ್ ಮಾಡುವುದಕ್ಕೆ ಮುಂಚೆ, ಕೊನೆಯ ಸಲ ಮುಟ್ಟಾದ ಮೊದಲ ದಿನ ಯಾವುದೆಂದು ನೆನಪು ಮಾಡಿಕೊಂಡು ಬರೆದಿಡು ಮಗಳೇ. ಮುಟ್ಟು ನಿಂತ ದಿನವಲ್ಲ, ತಲೆಗೆ ನೀರು ಹಾಕಿಕೊಂಡ ದಿನವೂ ಅಲ್ಲ, ಮೊದಲು ಕಂಡ ದಿನ. ಮುಂದೆ ಯಾವ ಡಾಕ್ಟರ ಎದುರು ಕೂತರೂ ಮೊದಲು ಕೇಳುವುದು ಅದನ್ನೇ. ಆಶಾ ಕಾರ್ಯಕರ್ತೆ ಮನೆಗೆ ಬಂದರೆ ಕೇಳುವುದೂ ಅದನ್ನೇ, ತಾಯಿ ಕಾರ್ಡಿನಲ್ಲಿ ಬರೆಯುವುದೂ ಅದನ್ನೇ. ಎರಡು ತಿಂಗಳು ಕಳೆದರೆ ಆ ದಿನ ಮಸುಕಾಗುತ್ತದೆ. ಆಮೇಲೆ ಬಾಯಿಗೆ ಬಂದ ತಾರೀಖು ಹೇಳುವಂತಾಗುತ್ತದೆ.

ಹೆರಿಗೆ ವಾರ್ಡಿನಲ್ಲಿ ನನ್ನ ಆಯುಸ್ಸಿನ ಬಹುಪಾಲು ಕಳೆದಿದೆ. ಅಲ್ಲಿ ನಾನು ಕೇಳಿಸಿಕೊಂಡ ಉತ್ತರಗಳಲ್ಲಿ ತಾರೀಖಿಗಿಂತ ಹಬ್ಬಗಳೇ ಹೆಚ್ಚು. ‘ಗೌರಿ ಹಬ್ಬಕ್ಕೆ ಹೊರಗಿದ್ದೆ’, ‘ಊರ ಜಾತ್ರೆಯಾಗಿ ಮೂರನೇ ದಿನ’. ಇದನ್ನು ಹಗುರವಾಗಿ ಕಾಣಬಾರದು. ಪೂಜೆಗೆ ಕೂರಲಾಗದೆ ಹೋದ ದಿನವನ್ನು ಹೆಣ್ಣುಮಕ್ಕಳು ಮರೆಯುವುದಿಲ್ಲ, ಗೋಡೆಯ ಕ್ಯಾಲೆಂಡರ್ ತಿರುವಿದರೆ ತಾರೀಖು ಸಿಕ್ಕೇ ಸಿಗುತ್ತದೆ. 2025ರ ವರಮಹಾಲಕ್ಷ್ಮಿ ಹಬ್ಬ ಆಗಸ್ಟ್ 8ಕ್ಕೆ ಬಂದಿತ್ತು. ಹಬ್ಬಕ್ಕೆ ಎರಡು ದಿನ ಮುಂಚೆ ಮುಟ್ಟಾದೆ ಅನ್ನುವವಳ ಲೆಕ್ಕ ಆಗಸ್ಟ್ 6ರಿಂದ ಶುರು. ಅದಕ್ಕೆ ಏಳು ದಿನ ಕೂಡಿಸು, 13 ಆಯಿತು. ಮೂರು ತಿಂಗಳು ಹಿಂದಕ್ಕೆ ಬಾ, ಮೇ. ವರ್ಷ ಒಂದು ಮುಂದೆ ಹಾಕು. 2026ರ ಮೇ 13 ಅವಳ ಹೆರಿಗೆಯ ತಾರೀಖು.

ಈ ಲೆಕ್ಕಕ್ಕೆ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿದ್ದ ಫ್ರಾನ್ಸ್ ಕಾರ್ಲ್ ನೇಗೆಲೆ (1778–1851) ಎಂಬ ಪ್ರಸೂತಿ ವೈದ್ಯನ ಹೆಸರಿದೆ. ಸೂಲಗಿತ್ತಿಯರಿಗಾಗಿ ಪಠ್ಯ ಬರೆದವನು ಅವನು. ಲೆಕ್ಕದ ಮೂಲ ಅವನಿಗಿಂತ ಹಿಂದಿನ ಡಚ್ ವೈದ್ಯ ಬೂರ್ಹಾವೆಯದು. ಒಟ್ಟು 280 ದಿನ, ಅಂದರೆ 40 ವಾರ. ನಮ್ಮ ಅಜ್ಜಿಯರು ‘ಒಂಬತ್ತು ತಿಂಗಳು ಒಂಬತ್ತು ದಿನ’ ಅನ್ನುತ್ತಿದ್ದರಲ್ಲ, ನೇಗೆಲೆಯದು ಒಂಬತ್ತು ತಿಂಗಳು ಏಳು ದಿನ. ಎರಡೇ ದಿನದ ಅಂತರ. ಯಾವ ಪುಸ್ತಕವನ್ನೂ ಓದದೆ ಹೆರಿಗೆ ಮಾಡಿಸಿದ ಆ ಹೆಂಗಸರ ಲೆಕ್ಕ ಇಷ್ಟು ಹತ್ತಿರ ಬಂದದ್ದು ಕಂಡರೆ ನನಗೆ ಈಗಲೂ ಗೌರವ ಉಕ್ಕುತ್ತದೆ.

ಇಲ್ಲಿ ಒಂದು ವಿಷಯವನ್ನು ನಿನಗಷ್ಟೇ ಅಲ್ಲ, ನಿನ್ನ ಗಂಡನಿಗೂ ಅತ್ತೆಗೂ ಬಿಡಿಸಿ ಹೇಳಬೇಕು. ಬಸಿರಿನ ವಾರಗಳನ್ನು ಎಣಿಸುವುದು ಕೊನೆಯ ಮುಟ್ಟಿನಿಂದ, ಗಂಡ ಹೆಂಡತಿ ಕೂಡಿದ ದಿನದಿಂದಲ್ಲ. ಗರ್ಭ ಕಟ್ಟುವುದು ಸಾಮಾನ್ಯವಾಗಿ ಮುಟ್ಟಾದ ಎರಡು ವಾರಕ್ಕೆ. ಅಂದರೆ ಲೆಕ್ಕದ ಮೊದಲ ಎರಡು ವಾರ ಹೊಟ್ಟೆಯಲ್ಲಿ ಮಗುವೇ ಇರುವುದಿಲ್ಲ. ಈಗ ನಮ್ಮ ಮದುವೆಗಳನ್ನು ನೋಡು. ಮುಹೂರ್ತ ಇಡುವಾಗ ಮದುಮಗಳ ದಿನಗಳನ್ನು ಕೇಳಿಕೊಂಡೇ ಇಡುತ್ತಾರೆ, ಹಾಗಾಗಿ ಮದುವೆ ಎಷ್ಟೋ ಸಲ ಮುಟ್ಟಾಗಿ ಹತ್ತು ದಿನದ ಆಸುಪಾಸಿಗೆ ಬರುತ್ತದೆ. ಮದುವೆಯಾಗಿ ಐದು ವಾರಕ್ಕೆ ಸ್ಕ್ಯಾನ್ ಮಾಡಿಸಿದರೆ ವರದಿಯಲ್ಲಿ ಆರೂವರೆ ವಾರ ಎಂದು ಬರುತ್ತದೆ. ಅದು ಸರಿಯಾದ ವರದಿ. ಆ ಒಂದೂವರೆ ವಾರವನ್ನು ಬೆರಳಲ್ಲಿ ಎಣಿಸಿ ಮನೆಯವರು ಮುಖ ಮುರಿದದ್ದನ್ನು, ಏನೂ ತಪ್ಪು ಮಾಡದ ಹುಡುಗಿ ವಾರ್ಡಿನ ಹೊರಗೆ ಕೂತು ಅತ್ತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈ ಲೆಕ್ಕ ಗೊತ್ತಿದ್ದರೆ ಆ ಕಣ್ಣೀರು ಬೇಕಿರಲಿಲ್ಲ. ಗಂಡುಮಕ್ಕಳೇ, ನೀವೂ ಇದನ್ನು ಕಲಿತುಕೊಳ್ಳಿ. ಮನೆಯಲ್ಲಿ ಯಾರಾದರೂ ಮಾತೆತ್ತಿದರೆ ಉತ್ತರ ಕೊಡಬೇಕಾದವರು ನೀವು.

ನೇಗೆಲೆ ಲೆಕ್ಕ ಹೊಂದುವುದು 28 ದಿನಕ್ಕೊಮ್ಮೆ ತಪ್ಪದೆ ಮುಟ್ಟಾಗುವವರಿಗೆ. 35 ದಿನಕ್ಕೊಮ್ಮೆ ಆಗುವವಳಿಗೆ ಅಂಡ ಬಿಡುಗಡೆಯಾಗುವುದೇ ಒಂದು ವಾರ ತಡ, ತಾರೀಖೂ ಒಂದು ವಾರ ಮುಂದಕ್ಕೆ ಹೋಗುತ್ತದೆ. ಆಗಸ್ಟ್ 6ರವಳಿಗೆ ಮೇ 20. ಪಿಸಿಒಎಸ್ ಇದ್ದವರಿಗೆ, ಗರ್ಭನಿರೋಧಕ ಮಾತ್ರೆ ಬಿಟ್ಟ ಹೊಸತರಲ್ಲಿ, ಮೊಲೆಯೂಡುತ್ತಿರುವಾಗ ಮುಟ್ಟೇ ಬಾರದೆ ಬಸಿರಾದವರಿಗೆ ಈ ಲೆಕ್ಕ ನಿಲ್ಲುವುದಿಲ್ಲ. ಇನ್ನು ಕೆಲವರಿಗೆ ಗರ್ಭ ಕಚ್ಚಿಕೊಳ್ಳುವ ಹೊತ್ತಿಗೆ ಸ್ವಲ್ಪ ಕೆಂಪು ಕಾಣಿಸುತ್ತದೆ, ಅದನ್ನೇ ಮುಟ್ಟೆಂದು ತಿಳಿಯುತ್ತಾರೆ. ಆ ಸಲದ್ದು ಎಂದಿಗಿಂತ ಕಡಿಮೆ ಇತ್ತು ಅನ್ನಿಸಿದರೆ ಡಾಕ್ಟರಿಗೆ ಹೇಳು, ಅದರ ಹಿಂದಿನ ಮುಟ್ಟಿನ ತಾರೀಖನ್ನೂ ಕೊಡು. ಐವಿಎಫ್‌ನಲ್ಲಿ ಬಸಿರಾದವರಿಗೆ ಈ ತೊಡಕಿಲ್ಲ. ಭ್ರೂಣವನ್ನು ಒಳಗಿಟ್ಟ ದಿನ ಆಸ್ಪತ್ರೆಯ ದಾಖಲೆಯಲ್ಲೇ ಇರುತ್ತದೆ.

ಹೀಗಾಗಿ ಒಂದು ಸ್ಕ್ಯಾನ್ ಬೇಕು, ಅದೂ ಬೇಗ. ಹದಿನಾಲ್ಕು ವಾರ ತುಂಬುವುದರೊಳಗೆ ಮಗುವಿನ ನೆತ್ತಿಯಿಂದ ಕುಂಡೆಯವರೆಗಿನ ಉದ್ದವನ್ನು ಅಳೆಯುತ್ತಾರೆ, ವರದಿಯಲ್ಲಿ ಅದನ್ನು ಸಿಆರ್‌ಎಲ್ ಎಂದು ಬರೆದಿರುತ್ತಾರೆ. ಆ ಉದ್ದದಿಂದ ಬಸಿರಿನ ವಯಸ್ಸು ಹೇಳಬಹುದೆಂದು 1973ರಲ್ಲಿ ತೋರಿಸಿಕೊಟ್ಟವನು ಗ್ಲಾಸ್ಗೋದ ವೈದ್ಯ ಹ್ಯೂ ರಾಬಿನ್ಸನ್. ಅಷ್ಟು ಎಳೆಯದರಲ್ಲಿ ಮಕ್ಕಳೆಲ್ಲ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬೆಳೆಯುತ್ತವೆ, ಉಳ್ಳವರ ಮಗುವಾದರೂ ಇಲ್ಲದವರ ಮಗುವಾದರೂ. ಆದ್ದರಿಂದ ಅಳತೆ ಐದರಿಂದ ಏಳು ದಿನದ ಒಳಗೆ ನಿಜ ಹೇಳುತ್ತದೆ. ಮುಟ್ಟಿನ ಲೆಕ್ಕವೂ ಇದೂ ಹತ್ತಿರವಿದ್ದರೆ ಮುಟ್ಟಿನ ತಾರೀಖನ್ನೇ ಉಳಿಸಿಕೊಳ್ಳುತ್ತಾರೆ. ಒಂಬತ್ತು ವಾರದೊಳಗಿನ ಸ್ಕ್ಯಾನಿನಲ್ಲಿ ಐದು ದಿನಕ್ಕಿಂತ ಹೆಚ್ಚು, ಆಮೇಲೆ ಹದಿನಾಲ್ಕು ವಾರದವರೆಗೆ ಏಳು ದಿನಕ್ಕಿಂತ ಹೆಚ್ಚು ಅಂತರ ಬಂದರೆ ಸ್ಕ್ಯಾನಿನ ತಾರೀಖಿಗೆ ಬದಲಾಯಿಸಬೇಕೆಂದು ಅಮೆರಿಕದ ಪ್ರಸೂತಿ ತಜ್ಞರ ಸಂಘ 2017ರಲ್ಲಿ ಹೇಳಿದೆ.

ಬೇಗ ಅಂದೆನೆಂದು ಐದನೇ ವಾರಕ್ಕೇ ಓಡಬೇಡ. ಹೃದಯ ಮಿಡಿಯುವುದು ಕಾಣುವುದು ಸುಮಾರು ಆರು ವಾರಕ್ಕೆ. ಅದಕ್ಕೂ ಮುಂಚೆ ಹೋಗಿ, ಬರಿಯ ಚೀಲ ಕಂಡು, ಮಗು ಉಳಿಯಲಿಲ್ಲವೆಂದು ಮನೆಯೆಲ್ಲ ಅಳುವುದು ಬೇಡ. ಅಂಡ ತಡವಾಗಿ ಬಿಡುಗಡೆಯಾಗಿದ್ದರೆ ಮಗು ನಿಜಕ್ಕೂ ಅಷ್ಟು ಚಿಕ್ಕದೇ ಇರುತ್ತದೆ. ಡಾಕ್ಟರ್ ಹತ್ತು ದಿನ ಬಿಟ್ಟು ಬಾ ಅಂದರೆ ಬಿಟ್ಟು ಹೋಗು, ಅದರ ನಡುವೆ ಯಾರ ಮಾತು ಕೇಳಿಯೂ ಮಾತ್ರೆ ನುಂಗಬೇಡ. ಆದರೆ ಕಿಬ್ಬೊಟ್ಟೆಯ ಒಂದೇ ಕಡೆ ಜೋರು ನೋವು, ರಕ್ತ, ತಲೆಸುತ್ತಿ ಬೀಳುವಂತಾಗುವುದು, ಇವುಗಳಲ್ಲಿ ಒಂದಿದ್ದರೂ ಒಂದು ಗಂಟೆಯೂ ಕಾಯಬೇಡ. ಗರ್ಭ ನಾಳದಲ್ಲಿ ಕಟ್ಟಿದ್ದರೆ ಜೀವಕ್ಕೇ ಅಪಾಯ. ಸ್ಕ್ಯಾನ್ ಕೋಣೆಯಲ್ಲಿ ಗಂಡೋ ಹೆಣ್ಣೋ ಎಂದು ಮಾತ್ರ ಕೇಳಬೇಡ. 1994ರ ಕಾನೂನು ಅದನ್ನು ನಿಷೇಧಿಸಿದೆ, ಕಾನೂನು ಇಲ್ಲದಿದ್ದರೂ ಕೇಳಬಾರದ ಪ್ರಶ್ನೆ ಅದು.

ಈಗ ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದದ್ದು. ಹೀಗೆ ಮೊದಲ ಮೂರು ತಿಂಗಳಲ್ಲಿ ಗೊತ್ತಾದ ತಾರೀಖನ್ನು ಆಮೇಲೆ ಯಾರೂ ತಿದ್ದದಂತೆ ನೋಡಿಕೊ. ಏಳನೇ ತಿಂಗಳಲ್ಲೂ ಒಂಬತ್ತನೇ ತಿಂಗಳಲ್ಲೂ ಸ್ಕ್ಯಾನ್ ಆಗುತ್ತದೆ, ಪ್ರತಿ ವರದಿಯಲ್ಲೂ ಯಂತ್ರ ಒಂದೊಂದು ಹೊಸ ತಾರೀಖು ಅಚ್ಚು ಹಾಕುತ್ತದೆ. ಆ ಹೊತ್ತಿಗೆ ಮಕ್ಕಳು ಒಂದೇ ಸಮ ಬೆಳೆಯುತ್ತಿರುವುದಿಲ್ಲ, ಒಂದು ದಪ್ಪ, ಒಂದು ಸಣ್ಣ. ಕೊನೆಯ ಮೂರು ತಿಂಗಳಲ್ಲಿ ಆ ಲೆಕ್ಕ ಮೂರು ವಾರದವರೆಗೂ ತಪ್ಪಬಹುದು. ಎರಡು ವಾರ ಹಿಂದಿದೆ ಎಂದು ವರದಿ ಬಂದರೆ ‘ಓ, ತಾರೀಖು ಮುಂದೆ ಹೋಯಿತು’ ಎಂದು ಮನೆಯವರು ನಿರಾಳವಾಗುತ್ತಾರೆ. ಹಾಗಲ್ಲ. ತಾರೀಖು ಮೊದಲೇ ಗಟ್ಟಿಯಾಗಿದ್ದರೆ ಆ ವರದಿ ಹೇಳುತ್ತಿರುವುದು ಮಗು ಸಣ್ಣದಾಗಿದೆ ಎಂದು. ಅದಕ್ಕೆ ಆಹಾರ, ರಕ್ತ ಸರಿಯಾಗಿ ಸಾಲುತ್ತಿಲ್ಲದಿರಬಹುದು, ನಿನ್ನ ಬಿಪಿ ಏರಿರಬಹುದು. ತಾರೀಖು ತಿದ್ದಿಬಿಟ್ಟರೆ ಆ ಎಚ್ಚರಿಕೆಯೇ ಅಳಿಸಿಹೋಗುತ್ತದೆ. ‘ಮೊದಲ ಸ್ಕ್ಯಾನಿನ ಪ್ರಕಾರ ನನಗೆ ಇಷ್ಟು ವಾರ, ಮಗು ಯಾಕೆ ಚಿಕ್ಕದಿದೆ?’ ಎಂದು ನೀನೇ ಬಾಯಿಬಿಟ್ಟು ಕೇಳು.

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಬೆಂಗಳೂರಿನಲ್ಲಿ ಆರು ತಿಂಗಳು ತೋರಿಸಿ, ಸೀಮಂತ ಮುಗಿಸಿ ಶಿರಸಿಗೋ ರಾಯಚೂರಿಗೋ ಹೋಗುವವಳು ಸೀರೆ ಬಳೆಗಳ ಜೊತೆ ಮೊದಲ ಸ್ಕ್ಯಾನಿನ ವರದಿಯನ್ನು ಇಟ್ಟುಕೊಳ್ಳಲೇಬೇಕು. ಅಲ್ಲಿನ ಡಾಕ್ಟರ್ ನಿನ್ನನ್ನು ನೋಡುವುದೇ ಕೊನೆಯ ತಿಂಗಳಲ್ಲಿ. ಆ ಕಾಗದವಿಲ್ಲದಿದ್ದರೆ ಅವರು ಅಂದಾಜಿನ ಮೇಲೆ ನಡೆಯಬೇಕು. ಮೊಬೈಲಿನಲ್ಲೂ ಒಂದು ಫೋಟೊ ಇರಲಿ.

ಇಷ್ಟೆಲ್ಲ ಜತನದಿಂದ ಗೊತ್ತುಮಾಡಿದ ದಿನಕ್ಕೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೋ ಐದೋ. 37 ವಾರ ತುಂಬಿದ ಮೇಲೆ 42ರೊಳಗೆ ಯಾವ ದಿನ ಹುಟ್ಟಿದರೂ ಅದು ದಿನ ತುಂಬಿದ ಮಗುವೇ. ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೊರಟ ತಾಯಿ ಟಿಕೆಟ್ ತೆಗೆಯಬೇಕಾದದ್ದು ಆ 37ನೇ ವಾರ ನೋಡಿಕೊಂಡು. ಆದರೆ 37 ತುಂಬಿತಲ್ಲ ಎಂದು ಒಳ್ಳೆಯ ನಕ್ಷತ್ರ ಹುಡುಕಿ ಸಿಸೇರಿಯನ್‌ಗೆ ದಿನ ಇಡಿಸುವವರನ್ನು ಕಂಡರೆ ನನ್ನ ಹೊಟ್ಟೆ ಉರಿಯುತ್ತದೆ. ಡಾಕ್ಟರೇ ಕಾರಣ ಕೊಟ್ಟು ಹೇಳದ ಹೊರತು 39 ವಾರಕ್ಕೆ ಮುಂಚೆ ಮಗುವನ್ನು ಹೊರತೆಗೆಯಬಾರದು. ಬೇಗ ತೆಗೆದ ಮಗು ಉಸಿರಾಟಕ್ಕೆ ಕಷ್ಟಪಟ್ಟು ಎನ್‌ಐಸಿಯುಗೆ ಹೋಗಬೇಕಾಗಬಹುದು, ತಾಯಿಯ ಎದೆಗೆ ಬರುವುದು ತಡವಾಗಬಹುದು. ನಕ್ಷತ್ರವನ್ನು ಮಗು ಹುಟ್ಟಿದ ಮೇಲೆ ನೋಡಿದರಾಯಿತು.

ತಾರೀಖು ದಾಟಿತೆಂದು ಬಂಧುಗಳ ಫೋನು ಶುರುವಾದರೆ ಹೆದರಬೇಡ, ಚೊಚ್ಚಲು ಎಷ್ಟೋ ಸಲ ಕೆಲವು ದಿನ ತಡ ಮಾಡುತ್ತದೆ. ಆದರೆ ತಪಾಸಣೆ ತಪ್ಪಿಸಬೇಡ. 41 ವಾರ ತುಂಬುವ ಹೊತ್ತಿಗೆ ನೋವು ಬರಿಸುವ ವಿಷಯವನ್ನು ಡಾಕ್ಟರ್ ಎತ್ತುತ್ತಾರೆ, ಬೇಡವೆಂದು ಹಟ ಹಿಡಿಯಬೇಡ, ಕಾರಣ ಕೇಳಿ ತಿಳಿದುಕೊ. ಮಗುವಿನ ಅಲುಗಾಟ ಕಡಿಮೆಯಾಯಿತು ಅನ್ನಿಸಿದರೆ ಎಷ್ಟನೇ ವಾರವೆಂದು ಲೆಕ್ಕ ಹಾಕುತ್ತ ಕೂರದೆ, ಅದು ನಡುರಾತ್ರಿಯಾಗಿದ್ದರೂ ಸರಿ, ಗಂಡನನ್ನು ಎಬ್ಬಿಸಿ ಆಸ್ಪತ್ರೆಗೆ ಹೊರಡು.