ಫಟಫಟಿ ಜಗಳ: ಹೆದ್ದಾರಿ ಬದಿಯ ಮಿಸ್ತ್ರಿಯ ಮಾತು

ಊರು ಘಾಟಬೋರಾಳ, ಗ್ಯಾರೇಜು ಹುಮನಾಬಾದಿನಲ್ಲಿ. ಪುಣೆ–ಹೈದರಾಬಾದ್ ಹೆದ್ದಾರಿ 65 ಇಲ್ಲೇ ಹಾದು ಹೋಗುವುದರಿಂದ ರಜೆ ದಿನ ಹೈದರಾಬಾದ್ ಕಡೆಯ ಹಾರ್ಲೆ-ಡೇವಿಡ್‌ಸನ್ ಬೈಕುಗಳು ಚಹಾಕ್ಕೆ ನಿಲ್ಲುವುದುಂಟು. ನಿಂತ ಕೂಡಲೇ, ಈ ಗಾಡಿ ನಮ್ಮ ಕಡೆಗೆ ಹೊಂದುತ್ತದೋ ಇಲ್ಲವೋ ಅಂತ ನಮ್ಮ ಹುಡುಗರ ವಾದ ಶುರು. ಅದನ್ನು ಕೇಳುತ್ತ, ನಡುನಡುವೆ ಗಾಡಿ ಬಿಚ್ಚುತ್ತ ತಿಳಿದ ಕೆಲವು ಸಂಗತಿಗಳು ಇಲ್ಲಿವೆ.

1. ಸಪ್ಪಳ ಬೇರೆ, ಜೋರು ಬೇರೆ. ಸಾಂಪ್ರದಾಯಿಕ ಹಾರ್ಲೆಯ ಎರಡು ಸಿಲಿಂಡರ್‌ಗಳು 45 ಡಿಗ್ರಿ ಕೋನದಲ್ಲಿ ಕೂತು, ಎರಡೂ ಕನೆಕ್ಟಿಂಗ್ ರಾಡ್ ಒಂದೇ ಕ್ರ್ಯಾಂಕ್ ಪಿನ್ನಿಗೆ ಜೋಡಿಸಿಕೊಂಡಿರುತ್ತವೆ. ಹೀಗಾಗಿ ಒಂದು ಸಿಡಿತ 315 ಡಿಗ್ರಿಗೆ, ಮುಂದಿನದು 405 ಡಿಗ್ರಿಗೆ. ಆ ಕುಂಟು ತಾಳವೇ ಗುಡ್‌ಗುಡ್ ಸಪ್ಪಳ. ಬುಲೆಟ್ಟಿನ ಸೈಲೆನ್ಸರ್ ಒಳಗಿನ ಜಾಳಿಗೆ ಕಿತ್ತರೆ ಅದು ಬರುವುದಿಲ್ಲ. ಓಣಿಯ ಮಂದಿಯ ನಿದ್ದೆ ಮಾತ್ರ ಹೋಗುತ್ತದೆ.

2. ಗಾಡಿಗಿಂತ ಮೊದಲು ದಾರಿ ನೋಡಬೇಕು. ಫ್ಯಾಟ್ ಬಾಯ್ 114 ಅನ್ನೇ ತಗೊಳ್ಳಿ: 1868 ಸಿಸಿ, ತೂಕ 317 ಕಿಲೋ. ಎಂಜಿನ್ನಿನ ಪೂರಾ ಎಳೆತ 3,000 ಆರ್‌ಪಿಎಂ ಸುತ್ತಮುತ್ತಲೇ ಸಿಗುತ್ತದೆ. ಹೆದ್ದಾರಿಯಲ್ಲಿ ಗೇರು ಬದಲಿಸದೆ, ಕಬ್ಬಿನ ಟ್ರ್ಯಾಕ್ಟರುಗಳನ್ನು ಹಿಂದೆ ಹಾಕುತ್ತ, ಬೆನ್ನು ನೋಯದೆ ಹೈದರಾಬಾದ್ ಮುಟ್ಟಬಹುದು. ಸೀಟು ತಗ್ಗು, ಗಿಡ್ಡನೆಯವರಿಗೂ ಕಾಲು ಪೂರ್ತಿ ಊರುತ್ತವೆ. ಈ ಸುಖ ಸುಳ್ಳಲ್ಲ. ಆದರೆ ಹೆದ್ದಾರಿ ಬಿಟ್ಟು ಹಳ್ಳಿ ದಾರಿಗೆ ತಿರುಗಿದ ಮೇಲಿನ ಕಥೆಯೇ ಬೇರೆ. ಹೊಟ್ಟೆ ನೆಲದಿಂದ 115 ಮಿಲಿಮೀಟರ್ ಮೇಲಷ್ಟೇ. ಊರವರೇ ಹಾಕಿದ ಸ್ಪೀಡ್ ಬ್ರೇಕರ್ ಮೇಲೆ ಕರ್ ಅಂತ ಉಜ್ಜುತ್ತದೆ. ಕಾಲು ಮುಂದೆ ಚಾಚಿ ಕೂತವನು ತಗ್ಗು ಬಂದಾಗ ಎದ್ದು ನಿಲ್ಲಲಾರ. ಏಟೆಲ್ಲ ನೇರ ಸೊಂಟಕ್ಕೆ. ಚೈನಿನ ಬದಲು ಬೆಲ್ಟು ಇರುವುದರಿಂದ ಎಣ್ಣೆ ಬಿಡುವ ರಗಳೆ ಇಲ್ಲ, ಅದು ಅದರ ದೊಡ್ಡ ಗುಣ. ಆದರೆ ಮುರುಮು ರಸ್ತೆಯ ಹರಳೊಂದು ಬೆಲ್ಟು, ಪುಲ್ಲಿ ನಡುವೆ ಸಿಕ್ಕಿತೋ, ತೂತು ಬೀಳುತ್ತದೆ. ಮಳೆಗಾಲದಲ್ಲಿ ತೊಗರಿ ಹೊಲದ ಬದಿಯ ಎರೆಮಣ್ಣಿಗೆ ಇಳಿಸಿದರೆ ಎತ್ತಲು ನಾಲ್ಕು ಜನ ಬೇಕು.

3. ಮೇ ತಿಂಗಳಲ್ಲಿ ಟೆಸ್ಟ್ ರೈಡ್ ಮಾಡಿ. ಗಾಳಿಯಿಂದಲೇ ತಣಿಯುವ ವಿ-ಟ್ವಿನ್‌ಗಳಲ್ಲಿ ಹಿಂದಿನ ಸಿಲಿಂಡರಿಗೆ ಗಾಳಿ ಕಡಿಮೆ. ಅದು ಇರುವುದೂ ಸವಾರನ ತೊಡೆ ಕೆಳಗೇ. ಬಸವಕಲ್ಯಾಣದ ಪ್ಯಾಟಿಯಲ್ಲಿ ಹತ್ತು ನಿಮಿಷ ಸಿಕ್ಕಿಕೊಂಡರೆ ಸಾಕು, ವಾದ ತಾನೇ ಮುಗಿಯುತ್ತದೆ.

4. ಪಾನಾ ಇದೆಯೇ ಕೇಳಿ. ನಮ್ಮ ಪೆಟ್ಟಿಗೆಯಲ್ಲಿ ಇರುವುದೆಲ್ಲ ಮಿಲಿಮೀಟರ್ ಲೆಕ್ಕದ 10, 12, 14ರ ಪಾನಾ. ದೊಡ್ಡ ಹಾರ್ಲೆಗಳ ಬಹುಪಾಲು ನಟ್ಟು-ಬೋಲ್ಟು ಇಂಚಿನ ಲೆಕ್ಕದವು. ಸಮೀಪದ ಸೈಜಿನ ಪಾನಾ ತುರುಕಿದರೆ ನಟ್ಟಿನ ಮೂಲೆ ಸವೆದು ಗುಂಡಗಾಗುತ್ತದೆ. ಇಂಚಿನ ಸೆಟ್ ಇಲ್ಲದ ಗ್ಯಾರೇಜಿನಲ್ಲಿ ಗಾಳಿ ಹೊಡೆಸಿಕೊಂಡು ಮುಂದೆ ಹೋಗುವುದೇ ಲೇಸು.

5. ಆವರೇಜ್ ವಿಚಾರ ಹಿರಿಯರಿಗೆ ಬಿಡಿ. ನಮ್ಮೂರ ಕಾಕಾ ಒಬ್ಬರು ಸವಾರನನ್ನು ಕೇಳಿದರು: “ಎಷ್ಟ್ ಆವರೇಜ್ ಕೊಡ್ತದ್ರಿ ಸಾಹೇಬ್ರ?” ಹದಿನೆಂಟು ಅಂದ. “ಅಷ್ಟ್ ಎಣ್ಣ್ಯಾಗ ನಮ್ ಕ್ರೂಸರ್ ಜೀಪಿನ್ಯಾಗ ಹದಿನೈದ್ ಮಂದಿ ಬರ್ತಾರಲ್ರಿ!”

6. ಬಿಲ್ಲು ಅಮೆರಿಕದ್ದೋ ನಮ್ಮದೋ ನೋಡಿ. ಹಾರ್ಲೆ 2020ರಲ್ಲಿ ಹರಿಯಾಣದ ಬಾವಲ್ ಕಾರ್ಖಾನೆ ಮುಚ್ಚಿ ಹೀರೋ ಜೊತೆ ಕೈಜೋಡಿಸಿತು. ಅದರಿಂದ 2023ರಲ್ಲಿ ಬಂದದ್ದು ಎಕ್ಸ್440: ಒಂದೇ ಸಿಲಿಂಡರ್, ಆರಂಭದ ಬೆಲೆ 2.29 ಲಕ್ಷ. “ಇದು ಹಾರ್ಲೇನೇ ಅಲ್ಲ” ಅನ್ನುವವರೂ, “ಟ್ಯಾಂಕಿನ ಮ್ಯಾಲ ಹೆಸರು ಬರದಾರಲ್ಲ” ಅನ್ನುವವರೂ ಇಬ್ಬರೂ ಹಟಮಾರಿಗಳೇ. ನನಗೆ ಕೇಳಿದರೆ, ಅದು ನಮ್ಮ ರಸ್ತೆಗೆ ಹೊಂದುವ ಗಾಡಿ. ಕಾಲು ಮುಂದೆ ಚಾಚಿ ಕೂರುವ ಕ್ರೂಸರ್ ಬೈಕ್ ಅಂತ ಕರೆಯಲು ಮಾತ್ರ ಬಾಯಿ ಬರುವುದಿಲ್ಲ. ತೆರಿಗೆಯ ಲೆಕ್ಕವೂ ಇದೆ: 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ದಾಟಿದ ಗಾಡಿಗೆ ಶೇಕಡ 40 ಜಿಎಸ್‌ಟಿ, ಅದರೊಳಗಿನದಕ್ಕೆ 18. ಕಾಲು ಚಾಚಿ ಕೂರುವ ಆಸೆಯಷ್ಟೇ ಇದ್ದರೆ 349 ಸಿಸಿಯ ಮೀಟಿಯರ್ ಸಾಕು ಅನ್ನುತ್ತೇನೆ. ಇಲ್ಲ, ಸೆಕೆಂಡ್ ಹ್ಯಾಂಡ್ ಹಾರ್ಲೆ ಸ್ಟ್ರೀಟ್ 750ನೇ ತರ್ತೀನಿ ಅಂತ ಹಟ ಹಿಡಿದವನಿಗೆ ಒಂದೇ ಮಾತು: ಎಂಜಿನ್ ಕಾಯಿಸಿ, ರೇಡಿಯೇಟರ್ ಫ್ಯಾನ್ ತಿರುಗುವುದನ್ನು ಕಣ್ಣಾರೆ ನೋಡಿ, ಆಮೇಲೆ ಅಡ್ವಾನ್ಸ್ ಕೊಡು.