ಹುಲಿಯುಗುರಿನ ಡಾಲರ್ ಕೇಳುತ್ತಿರುವ ಮದುಮಗನಿಗೆ

ತಮ್ಮಾ, ಮದುವೆಗೆ ಚಿನ್ನ ಕಟ್ಟಿಸಿದ ಹುಲಿಯುಗುರಿನ ಡಾಲರೇ ಬೇಕೆಂದು ಹಟ ಹಿಡಿದಿದ್ದೀಯಂತೆ. ನಿಮ್ಮಕ್ಕನಿಗೆ ಹಾವಿನ ಚರ್ಮದ ಬ್ಯಾಗು ಬೇಕಂತೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಲ್ಲಿ ಮದುವೆಗೆ ಹೋದರೂ ಅಂಗಿಯ ಮೇಲಿನ ಗುಂಡಿ ಬಿಚ್ಚಿ ಆ ಡಾಲರ್ ತೋರಿಸುವ ಒಬ್ಬ ಹುಡುಗನಾದರೂ ಸಿಗುತ್ತಾನೆ. ಬೈಯೋಕೆ ಕರೆದಿಲ್ಲ, ಕೂತ್ಕೋ.

ಹುಲಿಗೆ ಮುಂಗಾಲುಗಳಲ್ಲಿ ಐದೈದು, ಹಿಂಗಾಲುಗಳಲ್ಲಿ ನಾಲ್ಕು ನಾಲ್ಕು, ಒಟ್ಟು 18 ಉಗುರು. ಒಂದು ಡಾಲರಿಗೆ ಸಾಮಾನ್ಯವಾಗಿ ಎರಡನ್ನು ಜೋಡಿಸಿ ಕಟ್ಟುತ್ತಾರೆ. ಅವು ಕಾಡಿನಲ್ಲಿ ಉದುರಿ ಬಿದ್ದು ಸಿಗುವಂಥವಲ್ಲ. ಸತ್ತ ಹುಲಿಯ ಬೆರಳಿನ ಮೂಳೆಯಿಂದ ಕೀಳಬೇಕು. ಪೇಟೆಯಲ್ಲಿ ದನದ ಕೊಂಬು ಕೆತ್ತಿದ್ದು, ಪ್ಲಾಸ್ಟಿಕ್ಕಿನದು ಕೂಡ ಅದೇ ಹೆಸರಿನಲ್ಲಿ ಮಾರಾಟವಾಗುತ್ತದೆ. ಅಸಲಿಯಾದರೆ ಜೈಲು, ನಕಲಿಯಾದರೆ ಟೋಪಿ! ನಕಲಿ ಹಾಕಿಕೊಂಡರೆ ಯಾರಿಗೇನು ನಷ್ಟ ಅಂತೀಯ. ನಕಲಿ ಎಂದು ಹೇಳಿಕೊಂಡು ನೀನೇನೂ ತಿರುಗುವುದಿಲ್ಲವಲ್ಲ, ಅಸಲಿಯೆಂದೇ ಮೆರೆಯುತ್ತೀಯ. ಅದನ್ನು ನೋಡಿದ ದುಡ್ಡಿನವನೊಬ್ಬನಿಗೆ ಅಸಲಿಯೇ ಬೇಕೆನಿಸುತ್ತದೆ. ಕಾಡಿನಲ್ಲಿ ಉರುಳು ಹಾಕುವವನಿಗೆ ಕೆಲಸ ಸಿಗುವುದು ಹಾಗೆಯೇ.

2023ರ ಅಕ್ಟೋಬರಿನಲ್ಲಿ ಇಂಥದ್ದೇ ಡಾಲರ್ ಹಾಕಿಕೊಂಡಿದ್ದಕ್ಕೆ ಬಿಗ್ ಬಾಸ್ ಮನೆಯೊಳಗಿದ್ದ ಸ್ಪರ್ಧಿಯನ್ನೇ ಅರಣ್ಯ ಇಲಾಖೆಯವರು ಹಿಡಿದದ್ದು ಟೀವಿಯಲ್ಲಿ ನೋಡಿರ್ತೀಯ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಹುಲಿ, ಚಿರತೆ, ಕೃಷ್ಣಮೃಗದ ಜೊತೆ ಹೆಬ್ಬಾವು, ಉಡ ಕೂಡ ಇವೆ. ಮೂರರಿಂದ ಏಳು ವರ್ಷ ಶಿಕ್ಷೆ, ಮೇಲೆ ದಂಡ.

ಆದರೆ ಜೈಲಿನ ಹೆದರಿಕೆಗೆ ಬಿಡುವುದು ಬೇರೆ, ತಿಳಿದು ಬಿಡುವುದು ಬೇರೆ. ನಮ್ಮ ಜಗಳೂರಿನ ರಂಗಯ್ಯನದುರ್ಗದ ಕಾಡನ್ನು 2011ರಲ್ಲಿ ಕೊಂಡುಕುರಿಗಾಗಿಯೇ ವನ್ಯಜೀವಿಧಾಮ ಮಾಡಿದರು. ಕುರಿಯಷ್ಟೂ ದೊಡ್ಡದಿಲ್ಲದ, ಗಂಡಿಗೆ ನಾಲ್ಕು ಕೊಂಬಿರುವ, ನಾಚಿಕೆ ಸ್ವಭಾವದ ಪ್ರಾಣಿ. ಭಾರತ, ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲ. ಅಂಥದ್ದು ನಮ್ಮ ಕುರುಚಲು ಗುಡ್ಡದಲ್ಲಿ ಬದುಕಿದೆ ಅನ್ನೋದೇ ನನಗೆ ದೊಡ್ಡಸ್ತಿಕೆ. ಕೊರಳಿಗೆ ಕಟ್ಟಿಕೊಳ್ಳುವ ದೊಡ್ಡಸ್ತಿಕೆ ಯಾಕೆ ಬೇಕು?

"ನೀವು ಚರ್ಮದ ಚಪ್ಪಲಿ ಹಾಕಲ್ವಾ ಅಜ್ಜ?" ಅಂತ ನಿಮ್ಮಕ್ಕ ಕೇಳಿದಳು. ಪ್ರಶ್ನೆ ಸರಿಯಾಗೇ ಇದೆ. ಹಾಕ್ತೀನಿ. ಎಮ್ಮೆಯನ್ನು ಸಾಕಿದವನಿದ್ದಾನೆ, ಅದರ ಸಂತತಿ ಅಳಿಯುವ ಭಯವಿಲ್ಲ. ಅದರಲ್ಲೂ ಹಿಂಸೆಯಿದೆ, ಇಲ್ಲವೆನ್ನುವುದಿಲ್ಲ. ಆದರೆ ಚಪ್ಪಲಿ ಕಾಲಿಗೆ ಬೇಕು, ಹೆಬ್ಬಾವಿನ ಬ್ಯಾಗು ಇನ್ನೊಬ್ಬರ ಕಣ್ಣಿಗೆ ಮಾತ್ರ ಬೇಕು. ಪ್ಯಾರಿಸ್ಸಿನ ಶನೆಲ್ ಕಂಪನಿಯೇ 2018ರಲ್ಲಿ ಮೊಸಳೆ, ಹಾವುಗಳ ಚರ್ಮ ಬಳಸುವುದನ್ನು ಬಿಟ್ಟಿತು. ಅವಳಿಗೆ ಇದನ್ನೂ ಹೇಳು, ಬಹುಶಃ ನನ್ನ ಮಾತಿಗಿಂತ ಅದನ್ನೇ ಕೇಳ್ತಾಳೆ.

ಇನ್ನು ಅಟ್ಟದ ಮೇಲೆ ತಾತನ ಕಾಲದ ಜಿಂಕೆ ಚರ್ಮ ಇದ್ದರೆ, ಹಳೆಯದು ಎಂದು ಸುಮ್ಮನಿರಬೇಡ. ಇಂಥವನ್ನು ಘೋಷಿಸಿಕೊಳ್ಳಲು ಸರ್ಕಾರ 2003ರಲ್ಲಿ 180 ದಿನ ಅವಕಾಶ ಕೊಟ್ಟಿತ್ತು. ಹಾಗೆ ಘೋಷಿಸಿಕೊಂಡ ಪ್ರಮಾಣಪತ್ರ ಇದೆಯೋ ಇಲ್ಲವೋ ಹುಡುಕಿಸು. ಇಲ್ಲದಿದ್ದರೆ ಮೊದಲು ವಕೀಲರೊಬ್ಬರ ಹತ್ತಿರ ಮಾತಾಡಿ, ಅರಣ್ಯಾಧಿಕಾರಿಗಳ ಕಚೇರಿಗೆ ಬರವಣಿಗೆಯಲ್ಲಿ ಒಪ್ಪಿಸಿ ಬಾ. ಮದುವೆಗೆ ಮುಂಚೆಯೇ ಈ ಕೆಲಸ ಮುಗಿಸು.