ಬೇಯುವುದು ಕಾಯುವಾಗ

ಶ್ರೀಪೆರಂಬುದೂರಿನ ಟ್ರ್ಯಾಕ್‌ನಲ್ಲಿ ಮೈ ಬೇಯುವುದು ರೇಸ್ ನಡೆಯುವಾಗಲ್ಲ, ರೇಸಿಗೆ ಕಾಯುವಾಗ. ರೇಸ್ ಸೂಟ್ ಕೊಳ್ಳಲು ಹೊರಟ ಹುಡುಗರು ಕೇಳಿದಾಗಲೆಲ್ಲ ನಾನು ಮೊದಲು ಹೇಳುವ ಮಾತು ಇದು. ಯಾರೂ ಒಂದೇ ಸಲಕ್ಕೆ ನಂಬುವುದಿಲ್ಲ. ಕಾರು ಓಡುತ್ತಿರುವಷ್ಟು ಹೊತ್ತು ಹೇಗೋ ಒಂದಿಷ್ಟು ಗಾಳಿ ಒಳಗೆ ಬರುತ್ತದೆ, ಗಮನವೆಲ್ಲ ಮುಂದಿನ ತಿರುವಿನ ಮೇಲಿರುತ್ತದೆ, ಸೆಕೆಯ ನೆನಪಾಗುವುದು ಕಾರು ನಿಂತ ಮೇಲೆ. ರೇಸಿಗೂ ಮುಂಚಿನ ಹೊತ್ತಿದೆಯಲ್ಲ, ಅದು ಬೇರೆಯೇ ಲೋಕ. ಹಿಂದಿನ ರೇಸಿನಲ್ಲಿ ಯಾರೋ ಜಲ್ಲಿಗೆ ಹೋಗಿ ಕೂತಿರುತ್ತಾರೆ, ಆ ಕಾರನ್ನು ಎಳೆದು ತರುವವರೆಗೆ ನಮ್ಮನ್ನು ಬಿಡುವುದಿಲ್ಲ. ಬೆಲ್ಟ್ ಬಿಗಿದಾಗಿದೆ, ಹೆಲ್ಮೆಟ್ ಹಾಕಿಯಾಗಿದೆ, ಕೈಗವಸು ಏರಿಸಿಯಾಗಿದೆ. ಗಾಜಿನಿಂದ ಬಿಸಿಲು, ಕಾಲಿನ ಹತ್ತಿರ ಎಂಜಿನ್ನಿನ ಕಾವು. ಫಾರ್ಮುಲಾ ಕಾರಿನವರಿಗಾದರೂ ತಲೆಯ ಮೇಲೆ ಆಕಾಶವಿದೆ, ನಮ್ಮ ಟೂರಿಂಗ್ ಕಾರುಗಳಿಗೆ ತಗಡಿನ ಮಾಡು.

ನಾನು ಬೆಂಗಳೂರಿನವನು. ವಾರವೆಲ್ಲ ಹೊಟ್ಟೆಪಾಡಿನ ಕೆಲಸ, ದುಡ್ಡೂ ಬಿಡುವೂ ಒಟ್ಟಿಗೆ ಸಿಕ್ಕಾಗ ರೇಸ್. ನಮ್ಮೂರಲ್ಲಿ ರೇಸಿಗರಿಗೆ ಬರವಿಲ್ಲ, ಆದರೆ ಕಾರ್ಟಿಂಗ್ ಬಿಟ್ಟರೆ ಓಡಿಸಲು ಟ್ರ್ಯಾಕ್ ಇಲ್ಲ. ಒಂದೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗಬೇಕು, ಇಲ್ಲವೇ ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿ ಶ್ರೀಪೆರಂಬುದೂರಿನ ಪಕ್ಕದ ಇರುಂಗಾಟ್ಟುಕೋಟೈಗೆ. ಅಲ್ಲಿನ 3.7 ಕಿಲೋಮೀಟರಿನ ಸರ್ಕಿಟ್ ಶುರುವಾದದ್ದು 1990ರಲ್ಲಿ, ಈಗ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕಿಟ್ ಎನ್ನುತ್ತಾರೆ. ಕೊಯಮತ್ತೂರಿನ ಹವೆ ನಮ್ಮ ಹವೆಯ ಚಿಕ್ಕಪ್ಪನ ಮಗ, ಹೊಂದಿಕೊಂಡು ಹೋಗಬಹುದು. ಚೆನ್ನೈ ಕಡೆಯದು ಹಾಗಲ್ಲ. ಬಿಸಿಲೊಂದೇ ಆಗಿದ್ದರೆ ರಾಯಚೂರಿನವರು ನಮ್ಮನ್ನು ನೋಡಿ ನಕ್ಕಾರು. ಇಲ್ಲಿ ಬಿಸಿಲಿನ ಜೊತೆಗೆ ಸಮುದ್ರದ ತೇವವೂ ಇರುತ್ತದೆ. ಬೆವರು ಬಂದರೆ ಸಾಲದು, ಆರಬೇಕು. ಆರಿದರೇ ಮೈ ತಂಪಾಗುವುದು. ತೇವದ ಗಾಳಿಯಲ್ಲಿ ಅದು ಆರದೆ ಬರೀ ಇಳಿಯುತ್ತದೆ. ಸೂಟ್ ಆರಿಸುವ ಲೆಕ್ಕವೆಲ್ಲ ಹೊರಡಬೇಕಾದ್ದು ಇಲ್ಲಿಂದ.

ದಾವಣಗೆರೆಯ ಹುಡುಗನೊಬ್ಬ, ಕಾರ್ಟಿಂಗ್ ಮುಗಿಸಿ ಆಗಷ್ಟೇ ಕಾರಿಗೆ ಬಂದವನು, ಕೇಳಿದ: "ಅಣ್ಣಾ, ಸಿಂಗಲ್ ಲೇಯರ್ ತಗೊಂಡ್ರೆ ತಣ್ಣಗಿರುತ್ತಲ್ವಾ?"

ತಣ್ಣಗಿರುತ್ತದೆ, ಸುಳ್ಳಲ್ಲ. ಆದರೆ ಸೂಟ್ ಇರುವುದು ಬೆಂಕಿಗಾಗಿ. ಅಮೆರಿಕದ ಎಸ್‌ಎಫ್‌ಐ ದರ್ಜೆಗಳಲ್ಲಿ ಒಂದು ಪದರದ 3.2ಎ/1 ಸೂಟ್ ಉರಿಯೆದುರು ಚರ್ಮವನ್ನು ಸುಮಾರು 3 ಸೆಕೆಂಡ್ ಕಾಯುತ್ತದೆ, 3.2ಎ/5 ಸುಮಾರು 10 ಸೆಕೆಂಡ್. ಆರು ಬೆಲ್ಟ್‌ಗಳನ್ನು ಬಿಡಿಸಿಕೊಂಡು, ಕಿಟಕಿಯ ಬಲೆ ಇಳಿಸಿ, ರೋಲ್‌ಕೇಜಿನ ಕಂಬಿಗಳ ನಡುವಿಂದ ಹೊರಗೆ ಬರಲು ಎಷ್ಟು ಹೊತ್ತು ಬೇಕು, ನಿಂತ ಕಾರಿನಲ್ಲೇ ಎಣಿಸಿ ನೋಡು ಎಂದೆ. ಎಣಿಸಿದ. ಮತ್ತೆ ಸಿಂಗಲ್ ಲೇಯರ್ ಸುದ್ದಿ ಎತ್ತಲಿಲ್ಲ.

ಜಾಗತಿಕ ಮೋಟಾರ್ ಕ್ರೀಡಾ ಸಂಸ್ಥೆ ಎಫ್‌ಐಎ ದರ್ಜೆಯ ಸೂಟುಗಳಲ್ಲಿ ಸದ್ಯ ಕಣ್ಣಿಗೆ ಬೀಳುವುದು ಎರಡು, ಹಳೆಯ 8856-2000 ಮತ್ತು ಹೊಸ 8856-2018. ಪರೀಕ್ಷೆ ಹೀಗೆ: ಬಟ್ಟೆಯ ಒಂದು ಬದಿಗೆ ಜ್ವಾಲೆ ಹಿಡಿಯುತ್ತಾರೆ, ಇನ್ನೊಂದು ಬದಿಯ ಉಷ್ಣತೆ 24 ಡಿಗ್ರಿ ಏರಲು ಎಷ್ಟು ಸೆಕೆಂಡ್ ಬೇಕೆಂದು ಅಳೆಯುತ್ತಾರೆ. ಹಳೆಯದಕ್ಕೆ 11 ಸೆಕೆಂಡ್ ಸಾಕಿತ್ತು, ಹೊಸದಕ್ಕೆ 12 ಬೇಕು. ಇದು ತಿಳಿದ ಮೇಲೆ ಅಂಗಡಿಯ ಮಾತು ಬೇರೆ ಥರ ಕೇಳಿಸತೊಡಗುತ್ತದೆ. ಮೂರು ಪದರದ ಭಾರದ ಸೂಟೂ ಎರಡು ಪದರದ ಹಗುರ ಸೂಟೂ ಪಾಸಾಗಿರುವುದು ಅದೇ ಪರೀಕ್ಷೆಯನ್ನು. ಹೆಚ್ಚು ದುಡ್ಡು ಕೊಟ್ಟಾಗ ನಮಗೆ ಸಿಗುವುದು ಬಹುಮಟ್ಟಿಗೆ ಹಗುರತನ. ಚಳಿದೇಶದವರಿಗೆ ಅದು ಶೋಕಿ ಇರಬಹುದು, ಇರುಂಗಾಟ್ಟುಕೋಟೈಯಲ್ಲಿ ಅಲ್ಲ. ಕೈಗೆಟಕುವುದಾದರೆ ಎರಡು ಪದರದ್ದನ್ನೇ ಕೊಳ್ಳಿ. ನಿಮ್ಮ ಚಾಂಪಿಯನ್‌ಷಿಪ್ಪಿನ ನಿಯಮಾವಳಿ ಯಾವ ದರ್ಜೆ ಕೇಳುತ್ತದೆ ಎಂಬುದನ್ನು ಮಾತ್ರ ಮೊದಲೇ ಓದಿಕೊಳ್ಳಿ. ಸೆಕೆಂಡ್ ಹ್ಯಾಂಡ್ ಆದರೆ ಕಾಲರಿನ ಹಿಂಬದಿಯ ಲೇಬಲ್ ನೋಡದೆ ಮುಂಗಡ ಕೊಡಬೇಡಿ.

ಹಗುರ ಎಂದ ಕೂಡಲೇ ಮೈಗಂಟುವಂಥದ್ದನ್ನು ಆರಿಸುವವರಿದ್ದಾರೆ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ಒಪ್ಪಿದೆ. ಆದರೆ ಪದರಗಳ ನಡುವೆ, ಬಟ್ಟೆಗೂ ಮೈಗೂ ನಡುವೆ ನಿಂತ ಗಾಳಿಯೇ ಅರ್ಧ ಕೆಲಸ ಮಾಡುವುದು. ಬೆಂಕಿಯ ಶಾಖ ಒಳಗೆ ಬರುವುದನ್ನು ತಡ ಮಾಡುವುದು ಅದು, ಮೈಯ ಹಬೆಗೆ ಸರಿದಾಡಲು ಜಾಗ ಕೊಡುವುದೂ ಅದೇ. ಬಿಗಿ ಸೂಟಿನಲ್ಲಿ ಎರಡೂ ಹೋಯಿತು. ಹಾಗೆಂದು ದೊಗಳೆಯೂ ಆಗದು, ಬೆಲ್ಟಿನಡಿ ಮಡಿಕೆ ಬಿದ್ದು ಮುಳ್ಳಿನಂತೆ ಒತ್ತುತ್ತದೆ. ಅಂಗಡಿಯ ಕನ್ನಡಿ ಎದುರು ನಿಂತು ನೋಡಿದರೆ ಏನೂ ಗೊತ್ತಾಗುವುದಿಲ್ಲ. ತಗ್ಗಿನ ಸ್ಟೂಲಿನ ಮೇಲೆ ಕೂತು, ಕಾಲು ಮುಂದಕ್ಕೆ ಚಾಚಿ, ಕೈಯನ್ನು ಸ್ಟೀರಿಂಗ್ ಹಿಡಿದ ಹಾಗೆ ಎತ್ತಿ. ಭುಜ ಎಳೆಯುತ್ತದೆಯೇ? ಪ್ಯಾಂಟಿನ ತುದಿ ಮೇಲೇರಿ ಕಣಕಾಲು ಬರಿದಾಗುತ್ತದೆಯೇ? ಆದರೆ ಆ ಸೂಟ್ ಬೇಡ.

ಕಂಕುಳ ಸುತ್ತ ಹಿಗ್ಗುವ ಹೆಣಿಗೆ ಬಟ್ಟೆ ಕೊಟ್ಟು ತೋಳು ಜೋಡಿಸಿರುತ್ತಾರೆ, ಸೊಂಟದ ಹಿಂದೆಯೂ ಅಂಥದ್ದೇ ಒಂದು ಪಟ್ಟಿ ಇರುತ್ತದೆ. ಕೈ ಸಲೀಸಾಗಿ ಆಡಲಿ ಎಂದು ಮಾಡಿದ್ದು. ಸೆಕೆಗಾಲದಲ್ಲಿ ಉಸಿರಾಡುವ ಕಿಟಕಿಗಳೂ ಅವೇ, ಬೆನ್ನು ಸೀಟಿಗೆ ಒತ್ತಿಕೊಂಡಿರುವಾಗ ಹಬೆ ಹೊರಹೋಗಲು ಬೇರೆ ದಾರಿಯಿಲ್ಲ. ಈ ಪಟ್ಟಿ ಅಗಲವಿದ್ದಷ್ಟೂ ಒಳ್ಳೆಯದು ಎಂದು ನನ್ನ ಅನುಭವ. ಭುಜದ ಮೇಲಿನ ಪಟ್ಟಿಗಳು ಮಾತ್ರ ಅಲಂಕಾರಕ್ಕಲ್ಲ. ಪ್ರಜ್ಞೆ ತಪ್ಪಿದ ಚಾಲಕನನ್ನು ಅವನ್ನು ಹಿಡಿದೇ ಎಳೆದು ತೆಗೆಯುವುದು, ಹೊಲಿಗೆ ಗಟ್ಟಿಯಿರಬೇಕು.

ಇನ್ನು ಕಾಯುವ ಹೊತ್ತಿನ ಮಾತು. ಎಲ್ಲರೂ ಜಿಪ್ ಇಳಿಸಿ, ತೋಳುಗಳನ್ನು ಸೊಂಟಕ್ಕೆ ಗಂಟು ಹಾಕಿಕೊಂಡು ನೆರಳಲ್ಲಿ ನಿಂತಿರುತ್ತೇವೆ. ಅಷ್ಟರಲ್ಲಿ ಮಾರ್ಷಲ್ ಸೀಟಿ ಊದುತ್ತಾನೆ. ಒದ್ದೆ ಕೈಯನ್ನು ತೋಳಿಗೆ ತೂರಿಸಿದರೆ ಮೊಣಕೈ ತನಕ ಹೋಗಿ ಕಚ್ಚಿಕೊಳ್ಳುತ್ತದೆ. ಎಳೆದರೆ ಒಳಪದರ ಹೊರಗೆ ಮಗುಚುತ್ತದೆ. ಮೆಕ್ಯಾನಿಕ್ ಒಂದು ಕಡೆಯಿಂದ ತಳ್ಳುತ್ತಾನೆ, ಬಾಯಲ್ಲಿ ಕೈಗವಸು ಕಚ್ಚಿಕೊಂಡು ನಾವು ಇನ್ನೊಂದು ಕಡೆಯಿಂದ. ಗ್ರಿಡ್ಡಿಗೆ ಹೋಗುವ ಮುಂಚೆಯೇ ಅರ್ಧ ಜೀವ ಹೋಗಿರುತ್ತದೆ. ಆದ್ದರಿಂದ ಅಂಗಡಿಯಲ್ಲೇ ಕೈಗೆ ನೀರು ಹಚ್ಚಿಕೊಂಡು ಸೂಟ್ ತೊಟ್ಟು ಬಿಚ್ಚಿ ನೋಡುತ್ತೇನೆ ನಾನು. ಅಂಗಡಿಯವರು ಹುಚ್ಚನೆಂದುಕೊಂಡರೆ ಎಂದುಕೊಳ್ಳಲಿ. ಒಳಪದರ ನುಣುಪಾಗಿದ್ದು ತೋಳು ಸಲೀಸಾಗಿ ಇಳಿದರೆ, ಜಿಪ್ ಸೊಂಟದ ಕೆಳಗಿನವರೆಗೆ ಬಂದರೆ, ಅರ್ಧ ಸೆಕೆ ಅಲ್ಲೇ ಕಳೆಯಿತು. ಕೊನೆಯ ಗಳಿಗೆಯವರೆಗೆ ಸೂಟನ್ನು ಮೈಮೇಲೆ ಎಳೆದುಕೊಳ್ಳದೆ ಇರಬಹುದು.

ಬಣ್ಣದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಕಾರಿನೊಳಗೆ ಕೂತ ಮೇಲೆ ಯಾವ ಬಣ್ಣವಾದರೂ ಒಂದೇ, ಬಯಲಲ್ಲಿ ನಿಂತಾಗ ಕಪ್ಪು ಚುರುಗುಟ್ಟುತ್ತದೆ. ಬಿಳಿ ತೊಟ್ಟರೆ ಗ್ರೀಸ್ ಹುಡುಕಿಕೊಂಡು ಬರುತ್ತದೆ. ನಾನು ತಿಳಿ ಬೂದು ಬಣ್ಣಕ್ಕೆ ಅಂಟಿಕೊಂಡಿದ್ದೇನೆ.

ಸೆಕೆಯ ಹೆಸರಲ್ಲಿ ಎಲ್ಲರೂ ಕತ್ತರಿ ಹಾಕುವುದು ಒಳ ಉಡುಪಿಗೆ. ಉದ್ದ ತೋಳಿನ ನೋಮೆಕ್ಸ್ ಬನಿಯನ್ನು, ಕಣಕಾಲಿನವರೆಗಿನ ಕಾಲುಡುಪು, ಕಾಲುಚೀಲ, ತಲೆಗೆ ಬಾಲಕ್ಲಾವಾ. ಇಷ್ಟನ್ನೂ ತೊಟ್ಟು ಮೇಲೆ ಸೂಟ್ ಹಾಕುವುದೆಂದರೆ ಯಾರಿಗಾದರೂ ಉಸ್ಸಪ್ಪಾ ಅನ್ನಿಸುತ್ತದೆ. ಅದರ ಬದಲು ಜಿಮ್ಮಿನ ಪಾಲಿಯೆಸ್ಟರ್ ಟೀಶರ್ಟ್ ಸಾಕೆನ್ನುವವರಿದ್ದಾರೆ, ಬೆವರು ಬೇಗ ಆರುತ್ತದಂತೆ. ಆರುತ್ತದೆ, ಆದರೆ ಶಾಖ ತಗುಲಿದರೆ ಕರಗಿ ಚರ್ಮಕ್ಕೆ ಮೆತ್ತಿಕೊಳ್ಳುತ್ತದೆ. ನೋಮೆಕ್ಸ್ ಕರಗುವುದಿಲ್ಲ, ತೊಟ್ಟಿಕ್ಕುವುದಿಲ್ಲ, ತೀರಾ ಬಿಸಿಯಾದರೆ ಕರಿಯಾಗಿ ಇನ್ನಷ್ಟು ದಪ್ಪವಾಗುತ್ತದೆ. ಡುಪಾಂಟ್ ಕಂಪನಿ 1960ರ ದಶಕದಲ್ಲಿ ತಂದ ಈ ನಾರನ್ನು ರೇಸಿಗರು ಇನ್ನೂ ಬಿಡದಿರುವುದು ಇದಕ್ಕೇ.

ಸೆಕೆಗೂ ಒಳ ಉಡುಪೇ ಮದ್ದು ಎನ್ನುವುದು ನನಗೆ ಅನುಭವದಿಂದಲೇ ಗೊತ್ತಾದದ್ದು. ಅದಿಲ್ಲದಿದ್ದರೆ ಬೆವರನ್ನೆಲ್ಲ ಸೂಟಿನ ಒಳಪದರವೇ ಕುಡಿದು ಬೆನ್ನಿಗೆ ಅಂಟುತ್ತದೆ. ಗಾಳಿಯಿರಬೇಕಾದ ಕಡೆ ನೀರು. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಸುಲಭವಾಗಿ ಶಾಖ ದಾಟಿಸುತ್ತದೆ. ಬೆಂಕಿಯ ಎದುರು ಒದ್ದೆ ಬಟ್ಟೆ ಕಾಪಾಡುತ್ತದೆ ಎಂದು ಮೈಮೇಲೆ ಬಾಟಲಿ ನೀರು ಸುರಿದುಕೊಂಡು ಕಾರು ಹತ್ತುವವರು ಇದನ್ನು ನೆನಪಿಡಬೇಕು. ತೆಳು ಒಳ ಉಡುಪಿದ್ದರೆ ಬೆವರು ಮೊದಲು ಅದಕ್ಕೆ ಹೋಗುತ್ತದೆ, ಸೂಟ್ ಬಹುಮಟ್ಟಿಗೆ ಒಣಗಿಯೇ ಇರುತ್ತದೆ. ಬೆಳಗಿನ ಕ್ವಾಲಿಫೈಯಿಂಗ್ ಮುಗಿದ ಮೇಲೆ ಆ ಒದ್ದೆಯನ್ನು ಕಳಚಿ, ಮೈ ಒರೆಸಿ, ಒಣಗಿದ ಇನ್ನೊಂದು ಜೊತೆ ತೊಟ್ಟರೆ ಮಧ್ಯಾಹ್ನದ ರೇಸಿಗೆ ಹೊಸ ಮನುಷ್ಯ. ಬಜೆಟ್ ಬಿಗಿಯಿದ್ದರೆ ನನ್ನ ಸಲಹೆ ಇಷ್ಟೇ: ಸೂಟಿನಲ್ಲಿ ಒಂದು ಮೆಟ್ಟಿಲು ಕೆಳಗಿಳಿದು ಒಳ ಉಡುಪು ಎರಡು ಜೊತೆ ತಗೊಳ್ಳಿ.

ಕಾರ್ಟಿಂಗ್ ಸೂಟನ್ನೇ ಕಾರಿಗೂ ಬಳಸಲು ನೋಡುವವರುಂಟು. ಅದು ಡಾಂಬರಿನ ಮೇಲೆ ಉಜ್ಜಿಕೊಂಡು ಹೋದರೆ ಮೈ ತರಚದಿರಲಿ ಎಂದು ಮಾಡಿದ ಬಟ್ಟೆ, ಬೆಂಕಿಗಲ್ಲ. ಮಾತು ಅಲ್ಲಿಗೇ ಮುಗಿಯಿತು.

ಪ್ರಾಯೋಜಕರ ಬಿಲ್ಲೆಗಳು ಇನ್ನೊಂದು ತಲೆನೋವು. ನಮ್ಮ ಮಟ್ಟದ ರೇಸಿಗರಿಗೆ ದುಡ್ಡು ಕೊಡುವವರು ಟೈರ್ ಅಂಗಡಿಯವರೋ, ಪರಿಚಯದ ಹೋಟೆಲಿನವರೋ. ಅವರಿಗೆ ಎದೆತುಂಬ ಹೆಸರು ಬೇಕು. ಪ್ಲಾಸ್ಟಿಕ್ಕಿನಂಥ ದೊಡ್ಡ ಬಿಲ್ಲೆಯನ್ನು ಇಸ್ತ್ರಿಯಿಂದ ಅಂಟಿಸಿದರೆ ಅಷ್ಟಗಲ ಜಾಗದಲ್ಲಿ ಹಬೆಗೆ ಬಾಗಿಲು ಮುಚ್ಚಿದ ಹಾಗೆ, ಬೆಂಕಿ ಬಿದ್ದರೆ ಉರಿಯುವುದೂ ಅದೇ. ನಮ್ಮ ಬೀದಿಯ ಟೈಲರ್ ಒಳ್ಳೆಯ ಮನುಷ್ಯ, "ಸಾರ್, ಈ ದಾರ ಗಟ್ಟಿ, ಹತ್ತು ವರ್ಷ ಬಿಚ್ಚಲ್ಲ" ಎಂದು ಎಲ್ಲ ಪದರ ಸೇರಿಸಿ ಪಾಲಿಯೆಸ್ಟರ್ ದಾರದಲ್ಲಿ ಹೊಲಿಯಲು ಸಿದ್ಧನಿದ್ದ. ಬೆಂಕಿ ತಡೆಯುವ ದಾರದಲ್ಲಿ, ಮೇಲಿನ ಒಂದು ಪದರಕ್ಕೆ ಮಾತ್ರ ಹೊಲಿಯಬೇಕು. ಎಲ್ಲ ಪದರ ಸೇರಿಸಿ ಹೊಲಿದರೆ ನಡುವಿನ ಗಾಳಿಗೂ ಹೊಲಿಗೆ ಬಿತ್ತು. ಸೂಟಿಗೆ ಆರ್ಡರ್ ಕೊಡುವಾಗಲೇ ತಯಾರಕರಿಂದ ಹೆಸರು ಕಸೂತಿ ಮಾಡಿಸಿಕೊಳ್ಳುವುದು ಲೇಸು. ಕಾಲು ಗಿಡ್ಡ ಮಾಡಿಸುವುದಿದ್ದರೂ ಅವರ ಹತ್ತಿರವೇ.

ಬಟ್ಟೆಯಿಂದ ಗೆಲ್ಲಲಾಗದ ಸೆಕೆಯೂ ಇದೆ. 2023ರ ಅಕ್ಟೋಬರಿನಲ್ಲಿ ಕತಾರಿನ ಲುಸೈಲ್‌ನಲ್ಲಿ ಫಾರ್ಮುಲಾ ಒನ್ ರೇಸ್ ನಡೆದದ್ದು ರಾತ್ರಿ, ಸೂಟುಗಳು ಜಗತ್ತಿನಲ್ಲೇ ಹಗುರವಾದವು. ಆದರೂ ಎಸ್ತೆಬಾನ್ ಓಕಾನ್ ಹೆಲ್ಮೆಟ್ಟಿನೊಳಗೇ ವಾಂತಿ ಮಾಡಿಕೊಂಡ, ಲೋಗನ್ ಸಾರ್ಜೆಂಟ್ ಅರ್ಧಕ್ಕೇ ಕಾರು ನಿಲ್ಲಿಸಿದ. ಅದಾದ ಮೇಲೆಯೇ ಎಫ್‌ಐಎ ತಂಪುಗೊಳಿಸುವ ಅಂಗಿಯ ನಿಯಮ ತಂದಿತು, 2025ರ ಸಿಂಗಪುರ ರೇಸಿನಲ್ಲಿ ಮೊದಲ ಬಾರಿಗೆ ಅಧಿಕೃತವಾಗಿ ಶಾಖದ ಎಚ್ಚರಿಕೆ ಘೋಷಿಸಿತು. ನಮ್ಮಲ್ಲೂ ಐಸ್ ಡಬ್ಬಿಯಿಂದ ಕೊಳವೆಗಳಲ್ಲಿ ತಣ್ಣೀರು ಹರಿಸುವ ಅಂಗಿ ಕಂಡಿದ್ದೇನೆ. ದೀರ್ಘ ರೇಸಿಗೆ ಸರಿ. ಐಸ್ ಕರಗಿದ ಮೇಲೆ ಅದೇ ನೀರು ಬಿಸಿಯಾಗಿ ಮೈಸುತ್ತ ತಿರುಗುತ್ತದೆ ಎನ್ನುವುದು ಗೊತ್ತಿರಲಿ. ಹತ್ತು ಸುತ್ತಿನ ರೇಸಿಗೆ ನನಗೆ ಹಿಂದಿನ ರಾತ್ರಿಯಿಂದಲೇ ಕುಡಿದ ನೀರು, ಉಪ್ಪು ಹಾಕಿದ ನೀರುಮಜ್ಜಿಗೆ, ಕತ್ತಿಗೊಂದು ಒದ್ದೆ ಟವೆಲ್ ಸಾಕು. ಟವೆಲನ್ನು ಕಾರು ಹತ್ತುವ ಮುಂಚೆ ತೆಗೆದಿಡಬೇಕು ಅಷ್ಟೆ.

ಸೆಕೆಯೆಂದು ಕೈಗವಸು ಬಿಚ್ಚಿ ಓಡಿಸುವ ಚಪಲವುಳ್ಳವರಿಗೆ ಫಾರ್ಮುಲಾ ಒನ್ ಚಾಲಕನಾಗಿದ್ದ ರೊಮೇನ್ ಗ್ರೋಜಾನ್‌ನ ಕೈ ತೋರಿಸುತ್ತೇನೆ. 2020ರ ನವೆಂಬರಿನಲ್ಲಿ ಬಹ್ರೇನಿನಲ್ಲಿ ಅವನು 28 ಸೆಕೆಂಡ್ ಬೆಂಕಿಯೊಳಗಿದ್ದು ಎದ್ದು ಬಂದ. ತೀವ್ರವಾಗಿ ಸುಟ್ಟದ್ದು ಕೈಗಳು, ಅದೂ ಕೈಗವಸು ಇದ್ದೂ.

ತೊಳೆಯುವುದನ್ನು ಹೇಳದೆ ಬಿಟ್ಟರೆ ತಪ್ಪಾದೀತು, ಸೆಕೆಯೂರಿನ ಸೂಟ್ ಪ್ರತಿ ರೇಸಿಗೂ ನಾರುತ್ತದೆ. ತಣ್ಣೀರು, ಸೌಮ್ಯವಾದ ಸೋಪು, ಬ್ಲೀಚ್ ಮುಟ್ಟಿಸಕೂಡದು, ಕಂಫರ್ಟ್‌ನಂಥ ದ್ರವವೂ ಬೇಡ. ಅಮ್ಮ ಒಮ್ಮೆ ತಾರಸಿಯ ಉರಿಬಿಸಿಲಿಗೆ ಹರವಿದ್ದರು, ಒಳ್ಳೆ ಬಿಸಿಲು ಕಂಡರೆ ಹಪ್ಪಳವೋ ಬಟ್ಟೆಯೋ ಏನಾದರೂ ಹರವದೆ ಅವರ ಕೈ ನಿಲ್ಲದು. ಬಿಸಿಲು ನೋಮೆಕ್ಸಿನ ಬಣ್ಣವನ್ನೂ ಕಸುವನ್ನೂ ತಿನ್ನುತ್ತದೆ ಎಂದು ಒಪ್ಪಿಸಲು ಸಾಕಾಯಿತು.

ದಾವಣಗೆರೆಯ ಹುಡುಗ ಕೊನೆಗೆ ಎರಡು ಪದರದ ಬೂದು ಸೂಟು, ಒಳ ಉಡುಪು ಎರಡು ಜೊತೆ ಕೊಂಡ. ಬಿಲ್ ನೋಡಿದ ಅವರಪ್ಪ ನನಗೆ ಫೋನ್ ಮಾಡಿದರು. "ನನ್ನ ಮದುವೆ ಸೂಟಿಗೂ ಇಷ್ಟು ಕೊಟ್ಟಿರಲಿಲ್ಲ ಕಣ್ರೀ. ಹೋಗ್ಲಿ, ಇದನ್ನ ಇಸ್ತ್ರಿಗೆ ಕೊಡ್ಬೇಕಾ?" ಕೊಡಬೇಡಿ, ನೆರಳಲ್ಲಿ ಹ್ಯಾಂಗರಿಗೆ ಹಾಕಿದರೆ ಸಾಕು ಎಂದೆ. ಉಳಿತಾಯವಾಯಿತು ಎಂದು ಫೋನಿಟ್ಟರು.